ಭಾವನ ಬಿಲ್ಲೆಗಳು

ನಮ್ಮ ಭಾವ ಚಪ್ಪಲಿಯನ್ನು ಮಾತಾಡಿಸಿದವರು. ನೀವು ನಂಬಬೇಕೆಂದೇನೂ ಇಲ್ಲ, ನಂಬಿಸುವಷ್ಟು ತ್ರಾಣ ನನ್ನಲ್ಲಿ ಉಳಿದೂ ಇಲ್ಲ. ಆದರೆ ಅದು ಮಾತಾಡಿದ್ದನ್ನು ನನ್ನ ಈ ಎರಡು ಕಿವಿಗಳಿಂದಲೇ ಕೇಳಿದ್ದೇನೆ. ಕೇಳಲೇಬೇಕಾದಂಥದ್ದನ್ನು ಅದೇನೂ ಹೇಳಲಿಲ್ಲ. "ಕುಂಯ್" ಎಂದಿತು, ಅಷ್ಟೆ. ಅಷ್ಟನ್ನು ಹೇಳಿಸುವುದಕ್ಕೆ ಭಾವನಿಗೆ ಒಂದು ವರ್ಷ ಬೇಕಾಯಿತು. ಆ ವರ್ಷದ ಎಲ್ಲಾ ಶನಿವಾರಗಳು ಮಾತ್ರ ನನ್ನವು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಡಬದ ಪೇಟೆಯಲ್ಲಿ ಅವರದ್ದೊಂದು ರೇಡಿಯೋ ರಿಪೇರಿಯ ಕೋಣೆ, ಮನೆ ಅಲ್ಲೇ ಹತ್ತಿರ ಕೋಡಿಂಬಾಳದಲ್ಲಿ. ನಾನು ಪುತ್ತೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ದರ್ಬೆಯಲ್ಲಿ ಬಾಡಿಗೆ ಕೋಣೆ, ಮದುವೆ ಆಗಿರಲಿಲ್ಲ. ಮದುವೆಯಾಗದವನಿಗೆ ಶನಿವಾರ ಮಧ್ಯಾಹ್ನದ ಮೇಲೆ ಬೇರೆ ಕೆಲಸ ಇರಬಹುದೆಂದು ನಮ್ಮ ಕಡೆ ಯಾರಾದರೂ ನಂಬುತ್ತಾರೆಯೇ? ವಾರದ ನಡುವೆ ಭಾವನ ಕಾರ್ಡು ಬರುತ್ತಿತ್ತು. "ಸಪೂರದ ತಾಮ್ರದ ತಂತಿ ಅರ್ಧ ಕಿಲೋ. ಟಾರ್ಚಿನ ಸೆಲ್ಲು ಆರು. ಮೇಣದ ಬತ್ತಿ ಒಂದು ಕಟ್ಟು. ಕ್ಷೇಮ." ಆ ಕ್ಷೇಮ ಅವರದ್ದೋ ನನ್ನದೋ ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ತಂತಿಯನ್ನು ಚೀಲಕ್ಕೆ ಹಾಕಿಕೊಂಡು, ಬಸ್ಸಿನಲ್ಲಿ ನಿಂತು, ಪ್ರತಿ ತಿರುವಿನಲ್ಲೂ ಯಾರದಾದರೂ ಭುಜಕ್ಕೆ ಕ್ಷಮೆ ಕೇಳುತ್ತ ನಾನು ಕಡಬಕ್ಕೆ ಹೋಗುತ್ತಿದ್ದೆ.

ರಿಪೇರಿಯ ಕೋಣೆಯಲ್ಲಿ ರಿಪೇರಿ ಎಂಬುದು ಯಾವಾಗಲೋ ನಿಂತುಹೋಗಿತ್ತು. ಒಮ್ಮೆ ನನ್ನೆದುರೇ ರಾಮಕುಂಜದ ಕಡೆಯ ಒಬ್ಬ ಗಿರಾಕಿ ಬಂದು ನಿಂತರು.

"ನನ್ನ ರೇಡಿಯೋ ಎಂತ ಆಯ್ತು ಮಾರಾಯ್ರೆ? ಕೊಟ್ಟು ಆರು ತಿಂಗಳಾಯ್ತಲ್ಲ."

"ಅದು ಒಂದು ಒಳ್ಳೆಯ ಕೆಲಸಕ್ಕೆ ಹೋಗಿದೆ," ಎಂದರು ಭಾವ ತಲೆಯೆತ್ತದೆ.

"ಎಲ್ಲಿಗೆ ಹೋದದ್ದು?"

"ಇಲ್ಲೇ ಉಂಟು. ಸ್ವಲ್ಪ ಇದರಲ್ಲಿ ಉಂಟು, ಸ್ವಲ್ಪ ಅದರಲ್ಲಿ ಉಂಟು."

ಗಿರಾಕಿ ಮೇಜಿನ ಮೇಲಿದ್ದ ಎರಡು ಪೆಟ್ಟಿಗೆಗಳನ್ನೂ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಅವರನ್ನು ಹೊರಗೆ ಕರೆದುಕೊಂಡು ಹೋಗಿ ಚಾ ಕುಡಿಸಿದೆ. ಆ ವರ್ಷ ಹಾಗೆ ನಾನು ಚಾ ಕುಡಿಸಿದವರು ಬಹಳ ಮಂದಿ ಇದ್ದಾರೆ.

ಇನ್ನು ಆ ಚಪ್ಪಲಿಯ ಕತೆ. ಮದುವೆಯೋ ಮುಂಜಿಯೋ ಆದಾಗ ಅಂಗಳದಲ್ಲಿ ಬಿಟ್ಟ ನೂರೈವತ್ತು ಜೊತೆ ಹವಾಯಿ ಚಪ್ಪಲಿಗಳಲ್ಲಿ ಯಾವುದು ಯಾರದ್ದು? ನೀಲಿ ಬಾರಿನದ್ದು ಎಂದರೆ ಎಲ್ಲ ನೀಲಿ ಬಾರಿನದ್ದೇ. ಊಟ ಮುಗಿಸಿ ಮೊದಲು ಹೊರಟವನಿಗೆ ಹೊಸ ಚಪ್ಪಲಿ, ಕೊನೆಗೆ ಹೊರಟವನಿಗೆ ಎರಡೂ ಎಡಗಾಲಿನದ್ದು. ಇದನ್ನು ಸರಿಪಡಿಸುತ್ತೇನೆಂದು ಭಾವ ಊರಿಗೆಲ್ಲ ಹೇಳಿದ್ದರು. ಚಪ್ಪಲಿಯ ಅಟ್ಟೆಯೊಳಗೆ ಒಂದು ಬಿಲ್ಲೆ ಇಡುವುದು. ಭಾವ ಕಟ್ಟುತ್ತಿದ್ದ ಪೆಟ್ಟಿಗೆಯನ್ನು ಹತ್ತಿರ ಹಿಡಿದು ಕೇಳಿದರೆ ಆ ಬಿಲ್ಲೆ ತಾನು ಇಂಥವನದ್ದು ಎಂದು ಹೇಳಬೇಕು.

"ಬಿಲ್ಲೆಗೆ ಬ್ಯಾಟರಿ ಎಲ್ಲಿ ಇಡುದು ಭಾವ?" ಎಂದು ಕೇಳಿದೆ.

"ಬ್ಯಾಟರಿ ಯಾಕೆ? ಬೇಡ."

"ಬ್ಯಾಟರಿ ಇಲ್ಲದೆ ಅದು ಹೇಗೆ ಮಾತಾಡುದು?"

ಕೇಳಬಾರದಿತ್ತು. ಭಾವ ಸ್ಟೂಲಿನಿಂದ ಎದ್ದರು. ಅವರು ಎದ್ದರೆಂದರೆ ನನ್ನ ಕೊನೆಯ ಬಸ್ಸು ತಪ್ಪಿತೆಂದೇ ಅರ್ಥ.

"ನೀನು ಉಯ್ಯಾಲೆ ತೂಗಿದ್ದೀಯಾ ಇಲ್ವಾ? ಅದಕ್ಕೆ ಅದರದ್ದೇ ಒಂದು ಲಯ ಉಂಟು. ಆ ಲಯಕ್ಕೆ ಸರಿಯಾಗಿ ದೂಡಿದರೆ ಕಿರುಬೆರಳು ಸಾಕು. ಲಯ ತಪ್ಪಿದರೆ ಎಷ್ಟು ದೊಡ್ಡ ಜನ ದೂಡಿದರೂ ಆಡುದಿಲ್ಲ. ಈ ಬಿಲ್ಲೆಯೊಳಗೆ ಇರುದು ತಂತಿಯ ಸುರುಳಿ, ಒಂದು ಕಂಡೆನ್ಸರು, ಅಷ್ಟೆ. ಅದೇ ಉಯ್ಯಾಲೆ. ದೂಡುದು ಈ ಪೆಟ್ಟಿಗೆ, ಗಾಳಿಯಲ್ಲೇ, ಮುಟ್ಟದೆ."

"ಸರಿ, ಆಡ್ತದೆ. ಆಡಿದ್ದು ಪೆಟ್ಟಿಗೆಗೆ ಹೇಗೆ ಗೊತ್ತಾಗುದು?"

"ದೂಡುವವನ ಕೈಗೆ ಗೊತ್ತಾಗುದಿಲ್ವಾ? ಉಯ್ಯಾಲೆ ಆಡುವ ಶಕ್ತಿಯನ್ನು ಅವನ ಕೈಯಿಂದಲೇ ಅಲ್ವಾ ತಕೊಳ್ಳುದು? ಯಾವ ಲಯಕ್ಕೆ ಪೆಟ್ಟಿಗೆಯ ಕೈ ಭಾರ ಆಯ್ತೋ, ಅದೇ ಆ ಬಿಲ್ಲೆಯ ಹೆಸರು. ಒಂದಕ್ಕೆ ನೂರು ಸುತ್ತು ತಂತಿ, ಇನ್ನೊಂದಕ್ಕೆ ನೂರಿಪ್ಪತ್ತು. ಪ್ರತಿಯೊಂದಕ್ಕೂ ಬೇರೆ ಬೇರೆ ಲಯ."

ನಿಜ ಹೇಳಬೇಕೆಂದರೆ ಅದು ನನಗೆ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು. ಆ ದಿನದಿಂದ ಸುತ್ತು ಎಣಿಸುವ ಕೆಲಸ ನನಗೇ ಬಂತು. ಕಚೇರಿಯಲ್ಲಿ ಆರು ದಿನ ಕಡತ ಎಣಿಸಿ ಬಂದವನು ಏಳನೆಯ ದಿನ ತಂತಿ ಎಣಿಸುತ್ತ ಕೂತೆ. ಎಂಬತ್ತೇಳಕ್ಕೆ ಬಂದಾಗ ಯಾರಾದರೂ "ಯಾವಾಗ ಬಂದದ್ದು?" ಎಂದು ಕೇಳಿ ಲೆಕ್ಕ ತಪ್ಪಿಸುತ್ತಿದ್ದರು. ಪುನಃ ಒಂದರಿಂದ. ಈಗ ಪಟ್ಟಣದ ದೊಡ್ಡ ಅಂಗಡಿಗಳ ಬಾಗಿಲಲ್ಲಿ, ಬಟ್ಟೆಗೆ ಸಿಕ್ಕಿಸಿದ ಬಿಲ್ಲೆ ಕೂಗಿಕೊಳ್ಳುವಾಗ ಉಳಿದವರೆಲ್ಲ ಗಾಬರಿಯಿಂದ ತಿರುಗಿ ನೋಡುತ್ತಾರೆ. ನನಗೆ ಮಾತ್ರ ಬೆರಳು ನೋಯುತ್ತದೆ.

ಒಂದು ಉಪನಯನದ ಮನೆಯಲ್ಲಿ ಪರೀಕ್ಷೆ ನಡೆಯಿತು. ಊಟವಾದ ಮೇಲೆ ಭಾವ ಪೆಟ್ಟಿಗೆಯನ್ನು ಎದೆಗೆ ತೂಗುಹಾಕಿಕೊಂಡು, ಚಪ್ಪಲಿಗಳ ರಾಶಿಯ ಮುಂದೆ ಮೊಣಕಾಲೂರಿ, ಒಂದೊಂದೇ ಚಪ್ಪಲಿಯ ಮೇಲೆ ಬಗ್ಗುತ್ತ ಮುಂದುವರಿದರು. ಹುಡುಕಾಟ ಅರ್ಧ ಗಂಟೆ ನಡೆಯಿತು. ಕೈಯಲ್ಲಿ ವೀಳ್ಯ ಹಿಡಿದುಕೊಂಡ ಊರಿನವರೆಲ್ಲ ಸುತ್ತ ನಿಂತಿದ್ದರು. ಕೊನೆಗೆ "ಕುಂಯ್" ಎಂಬ ಸ್ವರ ಬಂತು. ಅದು ಭಾವನ ಚಪ್ಪಲಿಯೇ. ಎಲ್ಲರೂ ನಕ್ಕರು, ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ನಾನು ಅವರ ಧೋತ್ರದ ಮಣ್ಣು ಕೊಡವುತ್ತ ಮೆಲ್ಲಗೆ ಕೇಳಿದೆ.

"ಒಂದು ಗೇಣಿನಷ್ಟು ಹತ್ತಿರ ಹಿಡಿದರೆ ಮಾತ್ರ ಅದು ಹೇಳುದಲ್ವಾ ಭಾವ? ಅಷ್ಟು ಹತ್ತಿರ ಹೋದ ಮೇಲೆ ಕಣ್ಣಿಗೇ ಕಾಣ್ತದಲ್ಲ?"

ಭಾವ ಪೆಟ್ಟಿಗೆಯ ಗುಬುಟು ತಿರುಗಿಸಿ ಆರಿಸಿದರು.

"ಕಾಣುವವರಿಗೆ," ಎಂದರು.

ಆಗ ನನಗೆ ಚಪ್ಪಲಿಯ ಕತೆ ಬರೀ ಊರಿಗೆ ಹೇಳಿದ ನೆಪವೆಂದು ಗೊತ್ತಾಯಿತು. ಬಿಲ್ಲೆ ಬೇಕಾಗಿದ್ದದ್ದು ಅಕ್ಕನಿಗೆ.

ಅಕ್ಕನ ಕಣ್ಣು ಒಂದು ವರ್ಷಕ್ಕೂ ಮೊದಲಿನಿಂದ ಹೋಗುತ್ತಿತ್ತು. ಮಂಗಳೂರಿನ ಡಾಕ್ಟರು ನರ ಒಣಗುತ್ತಿದೆ, ಹೋದದ್ದು ಪುನಃ ಬರುವುದಿಲ್ಲ ಎಂದಿದ್ದರು. ವಿಷಯ ಗೊತ್ತಿದ್ದದ್ದು ಮೂರು ಜನಕ್ಕೆ, ಅಕ್ಕ, ಭಾವ, ನಾನು. ನಾಲ್ಕನೆಯವರಿಗೆ ಹೇಳಿದರೆ ನಿನ್ನ ಮುಖ ನೋಡುವುದಿಲ್ಲ ಎಂದು ಅಕ್ಕ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. "ಗೊತ್ತಾದರೆ ಅಡುಗೆಗೆ ಬೇರೆ ಯಾರನ್ನಾದರೂ ತರ್ತಾರೆ. ನನ್ನನ್ನು ಜಗಲಿಯಲ್ಲಿ ಕೂರಿಸ್ತಾರೆ. ಬಂದವರೆಲ್ಲ ಪಾಪ ಅಂತಾರೆ. ಅದು ನನ್ನಿಂದ ಆಗ್ಲಿಕ್ಕಿಲ್ಲ," ಎಂದಿದ್ದಳು. ಹದಿನೈದು ವರ್ಷ ಆ ಅಡುಗೆಮನೆಯಲ್ಲಿ ಒಂದು ಚಮಚವೂ ಅವಳಿಗೆ ತಿಳಿಯದೆ ಅಲುಗಿದ್ದಿಲ್ಲ. ಅದನ್ನೂ ಬಿಟ್ಟರೆ ಅವಳಿಗೆ ಉಳಿಯುವುದೇನು?

ಆ ನಾಲ್ಕನೆಯವರು ಯಾರೆಂದರೆ ಅಕ್ಕನ ಅತ್ತೆ, ಭಾವನ ತಾಯಿ. ಎಪ್ಪತ್ತು ದಾಟಿದ್ದರೂ ಕನ್ನಡಕವಿಲ್ಲದೆ ಅಕ್ಕಿಯಿಂದ ಕಲ್ಲು ಹೆಕ್ಕುವವರು. ಅಂಗಳದ ಆ ತುದಿಯಲ್ಲಿ ಬೆಲ್ಲಕ್ಕೆ ಇರುವೆ ಹತ್ತಿದರೆ ಈ ತುದಿಯಲ್ಲಿ ಕೂತು ಹೇಳುವವರು. ಮಾತು ಬಹಳ ಕಡಿಮೆ, ಕಾಲಿಗೆ ಸದ್ದೇ ಇಲ್ಲ. ಹಿಂದಿನಿಂದ ಬಂದು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದರು. ಅಕ್ಕ ತಿರುಗಿದಾಗ ಕೈಗೆ ಅವರ ಸೀರೆ ತಾಗಿ ಬೆಚ್ಚಿಬೀಳುತ್ತಿದ್ದಳು. ಒಮ್ಮೆ ಹಾಗೆ ಬೆಚ್ಚಿ ಹಾಲಿನ ಪಾತ್ರೆಯನ್ನೇ ಕೆಡವಿದಳು. ಅತ್ತೆ ಏನೂ ಹೇಳಲಿಲ್ಲ, ನೆಲ ಒರೆಸಿದರು. ಅವರು ಏನೂ ಹೇಳದಿದ್ದದ್ದಕ್ಕೇ ನಮಗೆ ಹೆಚ್ಚು ಭಯವಾಯಿತು.

ಹೀಗೆ ಬಿಲ್ಲೆಗಳು ಅಡುಗೆಮನೆಗೆ ಬಂದವು. ಮೊದಲನೆಯ ದಿನವೇ ಸೋತವು. ಸಕ್ಕರೆ, ಉಪ್ಪು, ಮೆಣಸಿನ ಹುಡಿ, ಕೊತ್ತಂಬರಿ ಹುಡಿ ಎಲ್ಲ ಇದ್ದದ್ದು ಹಿತ್ತಾಳೆಯ ಮತ್ತು ಅಲ್ಯುಮಿನಿಯಂ ಡಬ್ಬಗಳಲ್ಲಿ. ಡಬ್ಬಕ್ಕೆ ಅಂಟಿಸಿದ ಕೂಡಲೇ ಎಲ್ಲ ಬಿಲ್ಲೆಗಳೂ ಮೂಕವಾದವು. ನಾನು ಒಂದು ತಿಂಗಳು ಕೂತು ಎಣಿಸಿದ ಸುತ್ತುಗಳು, ಒಂದಾದರೂ ಬಾಯಿ ಬಿಡಬಾರದೇ?

"ಲೋಹ ಮಾರಾಯ, ಲೋಹ," ಎಂದು ಭಾವ ತಲೆ ಚಚ್ಚಿಕೊಂಡರು. "ಪೆಟ್ಟಿಗೆ ಕೊಟ್ಟ ಶಕ್ತಿಯನ್ನೆಲ್ಲ ಡಬ್ಬವೇ ತಿನ್ನುದು. ಉಯ್ಯಾಲೆಯನ್ನು ಕಂಬಕ್ಕೆ ಕಟ್ಟಿ ಹಾಕಿದ ಹಾಗಾಯ್ತು."

ಮುಂದಿನ ಶನಿವಾರ ನಾನು ಪುತ್ತೂರಿನಿಂದ ಎಂಟು ಪ್ಲಾಸ್ಟಿಕ್ ಡಬ್ಬ ಹೊತ್ತುಕೊಂಡು ಹೋದೆ. ಅತ್ತೆ ಬಾಗಿಲಲ್ಲೇ ತಡೆದರು. ಪ್ಲಾಸ್ಟಿಕ್ಕು ಮೈಲಿಗೆ, ಮಡಿಯ ಅಡುಗೆಗೆ ಆಗುವುದಿಲ್ಲ. ಅದರ ಮುಂದಿನ ಶನಿವಾರ ಎಂಟು ಪಿಂಗಾಣಿ ಭರಣಿ. ಬಸ್ಸಿನಲ್ಲಿ ಎಂಟು ಭರಣಿಗಳನ್ನು ಒಡೆಯದೆ ತಂದವನ ಸುಸ್ತನ್ನು ನಾನು ವರ್ಣಿಸಲು ಹೋಗುವುದಿಲ್ಲ. ಭರಣಿಗಳನ್ನು ಅತ್ತೆ ಒಪ್ಪಿದರು. ತಳಕ್ಕೆ ಅಂಟಿಸಿದ ರಟ್ಟಿನ ಬಿಲ್ಲೆಗಳನ್ನು ತಿರುಗಿಸಿ ನೋಡಿ, "ಇದು ಎಂತದು?" ಎಂದರು.

"ಇರುವೆ ಬಾರದ ಹಾಗೆ ಮಾಡಿದ್ದು ಅಮ್ಮ," ಎಂದರು ಭಾವ. "ಈ ಪೆಟ್ಟಿಗೆಯ ಸ್ವರಕ್ಕೆ ಇರುವೆ ಓಡ್ತದೆ."

"ಹೌದಾ," ಎಂದರು ಅತ್ತೆ.

ಪೆಟ್ಟಿಗೆಯ ಗುಬುಟಿನ ಸುತ್ತ ಭಾವ ಅರದಿಂದ ಎಂಟು ಕಚ್ಚು ಮಾಡಿದ್ದರು. ಅಕ್ಕ ಪೆಟ್ಟಿಗೆಯನ್ನು ಭರಣಿಯ ಬದಿಗೆ ಹಿಡಿದು ಗುಬುಟು ತಿರುಗಿಸುತ್ತಿದ್ದಳು. ಮೊದಲ ಕಚ್ಚಿನಲ್ಲಿ ಕುಂಯ್ ಎಂದರೆ ಉಪ್ಪು, ಎರಡನೆಯದರಲ್ಲಿ ಎಂದರೆ ಸಕ್ಕರೆ, ಹೀಗೆ ಎಂಟರವರೆಗೆ. ಬಿಲ್ಲೆಗೆ ಬ್ಯಾಟರಿ ಬೇಡ ಎಂದದ್ದೇನೋ ನಿಜ. ಆದರೆ ಪೆಟ್ಟಿಗೆ ವಾರಕ್ಕೆ ಆರು ಸೆಲ್ಲು ತಿನ್ನುತ್ತಿತ್ತು, ಆ ಆರನ್ನು ತರುವವನು ನಾನು. ಇರುವೆಗಳು ಪೆಟ್ಟಿಗೆಯ ಮೇಲೆಯೇ ದಾರಿ ಮಾಡಿಕೊಂಡಿದ್ದವು. ಆದರೂ ಅಕ್ಕ ಒಂದು ಬಾರಿಯೂ ತಪ್ಪಲಿಲ್ಲ. ಸಾರಿಗೆ ಸಾರಿನ ಹುಡಿಯೇ ಬಿತ್ತು, ಕಾಫಿಗೆ ಸಕ್ಕರೆಯೇ ಬಿತ್ತು. ಭಾವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಪರೀಕ್ಷೆಗೆ ಮಗಳನ್ನು ಕಳಿಸಿದ ಅಪ್ಪನ ಹಾಗೆ ಉಗುರು ಕಚ್ಚುತ್ತಿದ್ದರು. ಈ ಮನುಷ್ಯನನ್ನು ಕಂಡು ನಗಬೇಕೋ ಅಳಬೇಕೋ ಎಂದು ಹೊಳೆಯದೆ ನಾನು ಹೆಚ್ಚಾಗಿ ಮಲಗಿಬಿಡುತ್ತಿದ್ದೆ.

ಮಳೆಗಾಲದ ನಡುವೆ ಬರುವ ಸೋಣ ತಿಂಗಳ ಒಂದು ಶನಿವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು, ನಾನು ರಜೆ ಹಾಕಿ ಹೋಗಿದ್ದೆ. ಮಳೆ ಎರಡು ತಿಂಗಳಿನಿಂದ ಬಿಟ್ಟಿರಲಿಲ್ಲ, ಗೋಡೆಗಳೂ ಹಾಸಿಗೆಗಳೂ ತೇವ. ಆ ಪೂಜೆಯ ಪ್ರಸಾದ ಸಪಾದ ನಿಮಗೆ ಗೊತ್ತಲ್ಲ. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು, ಎಲ್ಲವೂ ಒಂದೂಕಾಲು ಸೇರು. ದೇವರಿಗೆ ನೈವೇದ್ಯ ಆಗುವ ಮೊದಲು ಮಾಡಿದವರು ಅದರ ರುಚಿ ನೋಡುವ ಹಾಗಿಲ್ಲ, ಮೂಸುವ ಹಾಗೂ ಇಲ್ಲ. ನೈವೇದ್ಯ ಆದ ಮೇಲೆ ತಿನ್ನುವವರು ಹೆಸರಿಡುವ ಹಾಗಿಲ್ಲ.

ಬೆಳಿಗ್ಗೆ ಸಹಾಯಕ್ಕೆಂದು ಬಂದ ನೆಂಟರು ಹಲಗೆ ಒರೆಸುತ್ತೇವೆಂದು ಭರಣಿಗಳನ್ನೆಲ್ಲ ಇಳಿಸಿ, ಕಂಡಕಂಡಲ್ಲಿ ಇಟ್ಟಿದ್ದರು. ಅತ್ತೆ ದೇವರ ಕೋಣೆಯಲ್ಲಿ ಗಂಧ ತೇಯುತ್ತಿದ್ದರು. ಪೂಜೆಗೆಂದು ತಂದ ಸಕ್ಕರೆ ಒಂದು ಸೇರಿಗೇ ಮುಗಿಯಿತು, ಕಾಲು ಸೇರು ಬಾಕಿ. ಭರಣಿಯಲ್ಲಿ ದಿನಬಳಕೆಯ ಸಕ್ಕರೆ ಇತ್ತು, ಆದರೆ ಯಾವ ಭರಣಿ? ಅಕ್ಕನ ಕೈ ಬಾಳೆಹಣ್ಣು ಕಿವುಚಿ ಅಂಟಾಗಿತ್ತು. ಪೆಟ್ಟಿಗೆಯನ್ನು ಭರಣಿಯ ಹತ್ತಿರ ಹಿಡಿದದ್ದು ನಾನೇ, ಗುಬುಟು ತಿರುಗಿಸಿದ್ದೂ ನಾನೇ. ಎರಡನೆಯ ಕಚ್ಚಿನಲ್ಲಿ ಕುಂಯ್ ಎಂದಿತು. "ಸಕ್ಕರೆ," ಎಂದೆ. ನನ್ನ ಕಣ್ಣು ಸರಿಯಾಗಿಯೇ ಇತ್ತಲ್ಲ, ಮುಚ್ಚಳ ತೆಗೆದು ಒಮ್ಮೆ ನೋಡಬಾರದಿತ್ತೇ? ಆದರೆ ವರ್ಷಕ್ಕೂ ಮೀರಿ ಆ ಪೆಟ್ಟಿಗೆಯ ಸೇವೆ ಮಾಡಿ ಮಾಡಿ, ಅದು ಹೇಳಿದ ಮೇಲೆ ನೋಡುವುದೇನು ಎಂಬ ಸ್ಥಿತಿಗೆ ನಾನು ಬಂದುಬಿಟ್ಟಿದ್ದೆ. ಅಕ್ಕ ಚಿಪ್ಪಿನ ಸೌಟಿನಿಂದ ಕಾಲು ಸೇರು ಸುರಿದಳು.

ಅದು ಹುಡಿ ಉಪ್ಪು. ರಟ್ಟಿನ ಬಿಲ್ಲೆ ಮಳೆಯ ತೇವ ಕುಡಿದು ಲಯ ಬದಲಾಯಿಸಿತ್ತು.

ಮಂಗಳಾರತಿ ಆಯಿತು. ಮೊದಲು ತೆಗೆದುಕೊಂಡವರು ಪೂಜೆಗೆ ಬಂದ ಭಟ್ಟರು. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿದರು, ನಿಂತರು. ಅವರ ಗಂಟಲಿನ ಗುಬುಟು ಒಮ್ಮೆ ಮೇಲಕ್ಕೆ ಹೋಗಿ, ಬಹಳ ಹೊತ್ತು ಯೋಚಿಸಿ ಕೆಳಗಿಳಿಯಿತು. ಆಮೇಲೆ ನಲುವತ್ತು ಜನ ಸಾಲಾಗಿ ಬಂದರು. ಪ್ರಸಾದ ಉಗುಳಲಾಗುತ್ತದೆಯೇ? ಒಬ್ಬರೂ ಉಗುಳಲಿಲ್ಲ. ಎಲ್ಲರೂ ಭಕ್ತಿಯಿಂದ ಕಣ್ಣುಮುಚ್ಚಿ ನುಂಗಿದರು. ಕಣ್ಣಲ್ಲಿ ನೀರು ಬಂದವರೂ ಇದ್ದರು. ಬಾವಿಕಟ್ಟೆಯಲ್ಲಿ ಕೊಡಪಾನದ ಸದ್ದು ಮಾತ್ರ ಬಿಡದೆ ಕೇಳುತ್ತಿತ್ತು.

ಕೊನೆಗೆ ಭಟ್ಟರೇ ನೀರು ಕುಡಿದು ಬಂದು ಮೆಲ್ಲಗೆ ಕೇಳಿದರು. "ಸಪಾದ ಮಾಡಿದ್ದು ಯಾರು?"

 ಅಡುಗೆಮನೆಯ ಬಾಗಿಲಲ್ಲಿ ಅಕ್ಕ ದಾರಂದ ಹಿಡಿದು ನಿಂತಿದ್ದಳು. ಒಂದೂವರೆ ವರ್ಷ ಬಚ್ಚಿಟ್ಟದ್ದು ನಲುವತ್ತು ಜನರ ಎದುರು ಬಯಲಾಗುವುದರಲ್ಲಿತ್ತು. ನಾನೆಂದು ಹೇಳಲು ನನಗೆ ನಾಲಗೆ ಏಳಲಿಲ್ಲ. ಭಾವ ಬಾಯಿ ತೆರೆದರು. ತೇವ, ರಟ್ಟು, ಸುರುಳಿ ಎಲ್ಲ ಬರಲಿದೆಯೆಂದು ನನಗೆ ಗೊತ್ತಾಯಿತು.

"ನಾನು," ಎಂದರು ಅತ್ತೆ.

ಎಲ್ಲರೂ ತಿರುಗಿದರು.

"ಪ್ರಾಯ ಆಯ್ತು ಭಟ್ರೇ. ಕಣ್ಣು ಕಾಣುದಿಲ್ಲ. ಸಕ್ಕರೆ ಅಂತ ಉಪ್ಪು ಹಾಕಿದೆ. ದೇವರು ಕ್ಷಮಿಸಬೇಕು, ನೀವೂ."

ಅವರ ಕಣ್ಣು ಕಾಣುವುದಿಲ್ಲ ಎಂಬುದನ್ನು ನಂಬುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಆದರೆ ಎದುರು ನಿಂತು ಅಲ್ಲ ಎನ್ನುವ ಧೈರ್ಯ ಯಾರಿಗಿತ್ತು? ಭಟ್ಟರು "ಇರಲಿ, ಇರಲಿ" ಎಂದರು.

ನೆಂಟರೆಲ್ಲ ಹೋದ ಮೇಲೆ ನಾವು ನಾಲ್ವರು ಅಡುಗೆಮನೆಯಲ್ಲಿ ಉಳಿದೆವು. ಅತ್ತೆ ಒಬ್ಬರೇ ಭರಣಿಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಇಡುತ್ತಿದ್ದರು. ಉಪ್ಪು, ಸಕ್ಕರೆ, ಮೆಣಸು, ಕೊತ್ತಂಬರಿ. ಅದು ನಾವು ಯಾವಾಗಲೂ ನೋಡುತ್ತಿದ್ದ ಸಾಲು. ಭಾವ ಆ ಸಾಲನ್ನೇ ನೋಡುತ್ತಿದ್ದರು.

"ಅಮ್ಮ, ನಿಮಗೆ..."

"ಹಾಲು ಚೆಲ್ಲಿದ ದಿನದಿಂದ ಗೊತ್ತುಂಟು," ಎಂದರು ಅತ್ತೆ. "ದಿನಾ ಬೆಳಿಗ್ಗೆ ಇವಳು ಏಳುವ ಮೊದಲು ಭರಣಿಗಳನ್ನು ಸಾಲಾಗಿ ಇಡುದು ಯಾರು ಅಂತ ಎಣಿಸಿದ್ದೀ? ನಿನ್ನ ಪೆಟ್ಟಿಗೆಯಾ? ಇರುವೆಗೆ ಅಂತೆ. ಇರುವೆ ಅದರ ಒಳಗೇ ಮನೆ ಮಾಡಿ ಮೂರು ತಿಂಗಳಾಯ್ತು."

ಭಾವ ಮಣೆ ಎಳೆದು ಕೂತರು. ಒಂದು ವರ್ಷದ ಯಂತ್ರ, ಅಷ್ಟೊಂದು ಸೆಲ್ಲು, ಸುತ್ತಿ ಸುತ್ತಿ ಬೆರಳು ಕಡಿದ ನನ್ನ ತಂತಿ. ಅಕ್ಕ ತಪ್ಪದಿದ್ದದ್ದು ಇವರ ಸಾಲಿನಿಂದ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹೇಳಿದ್ದರೆ ಆಗ್ತಿತ್ತಲ್ಲ ಅತ್ತೆ."

"ನೀನು ಹೇಳ್ತೀ ಅಂತ ಕಾದೆ. ಹೇಳುದು ನಿನ್ನದಲ್ವಾ?"

"ನೀವು ಜಗಲಿಯಲ್ಲಿ ಕೂರಿಸ್ತೀರಿ ಅಂತ ಹೆದರಿದೆ."

"ಕೂರಿಸಿ ನಾನು ಯಾರ ಕೈಯ ಅಡುಗೆ ಉಣ್ಣುದು?"

ಅಕ್ಕ ನಕ್ಕಳು, ನಗುತ್ತಲೇ ಅತ್ತಳು. "ನನಗೆ ಕಷ್ಟ ಆಗುದು ಭರಣಿ ಹುಡುಕ್ಲಿಕ್ಕೆ ಅಲ್ಲ ಅತ್ತೆ. ಕೈಗೆ ಎಲ್ಲ ಗೊತ್ತಾಗ್ತದೆ. ನೀವು ಬಂದದ್ದು ಮಾತ್ರ ಗೊತ್ತಾಗುದಿಲ್ಲ. ನಿಮ್ಮ ಕಾಲಿಗೆ ಸದ್ದಿಲ್ಲ. ಹಿಂದೆ ಯಾರೋ ನಿಂತ ಹಾಗೆ ಆಗ್ತದೆ, ಎದೆ ಹಾರ್ತದೆ."

ಅತ್ತೆ ಕೊನೆಯ ಭರಣಿ ಇಟ್ಟರು.  ಆಮೇಲೆ ಮಗನ ಕಡೆ ತಿರುಗಿದರು.

"ಆ ಬಿಲ್ಲೆ ನನಗೂ ಒಂದು ಮಾಡಿ ಕೊಡು. ಪಟ್ಟೆಯಲ್ಲಿ ಸುತ್ತಿ ಕೊಡು, ಮಡಿಗೆ ಆಗ್ತದೆ."

ಆ ಬಿಲ್ಲೆಯ ಸುತ್ತು ನಾನೇ ಎಣಿಸಿದೆ. ಯಾರೂ ಹೇಳಿರಲಿಲ್ಲ. ಗೇಣಿಗಿಂತ ದೂರದಿಂದಲೂ ಸಿಗಬೇಕೆಂದು ತಟ್ಟೆಯಷ್ಟಗಲದ ಬೆತ್ತದ ಬಳೆಗೆ ತಂತಿ ಸುತ್ತಿ, ಲೆಕ್ಕ ಸರಿಯಿದೆಯೆಂದು ಗೊತ್ತಿದ್ದೂ ಬಿಚ್ಚಿ ಪುನಃ ಸುತ್ತಿದೆ. ಭಾವ ತೇವ ಒಳಗೆ ಹೋಗದ ಹಾಗೆ ಮೇಣ ಕರಗಿಸಿ ಹೊಯ್ದರು. ಅತ್ತೆ ತಮ್ಮ ಹಳೆಯ ಪಟ್ಟೆ ಸೀರೆಯಿಂದ ಒಂದು ತುಂಡು ಹರಿದು ಕೊಟ್ಟರು, ಅಕ್ಕ ಬೆರಳಿನಲ್ಲಿ ತಡವಿ ತಡವಿ ಹೊಲಿದಳು. ಅಡುಗೆಮನೆಯ ದಾರಂದದ ಸುತ್ತ ಪೆಟ್ಟಿಗೆಯ ತಂತಿ ಎಳೆದೆವು. ಪುತ್ತೂರಿಗೆ ಹಿಂತಿರುಗುವಾಗ ನನಗೆ ಸುಸ್ತಾಗಿರಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದ್ದರಿಂದ ಇರಬಹುದು ಎಂದುಕೊಂಡೆ, ಆದರೆ ಸೀಟು ಸಿಕ್ಕಿರಲಿಲ್ಲ.

ಮುಂದಿನ ಶನಿವಾರ ನಾನು ಹೋದಾಗ ಅಕ್ಕ ಬಾಗಿಲಿಗೆ ಬೆನ್ನು ಹಾಕಿ ಒಲೆಯ ಎದುರು ಕೂತಿದ್ದಳು. ಅತ್ತೆ ಸೊಂಟಕ್ಕೆ ಪಟ್ಟೆಯ ಬಿಲ್ಲೆ ಸಿಕ್ಕಿಸಿಕೊಂಡು ಜಗಲಿಯಿಂದ ಎದ್ದು ಒಳಗೆ ನಡೆದರು. ಕಾಲಿಗೆ ಆಗಲೂ ಸದ್ದಿರಲಿಲ್ಲ. ಹೊಸ್ತಿಲು ದಾಟುವಾಗ ಪೆಟ್ಟಿಗೆ ಕುಂಯ್ ಎಂದಿತು.

"ಬನ್ನಿ ಅತ್ತೆ," ಎಂದಳು ಅಕ್ಕ, ತಿರುಗದೆ.

ಅತ್ತೆ ಸ್ವಲ್ಪ ಹೊತ್ತು ನಿಂತು ಹೊರಗೆ ಬಂದರು. ಜಗಲಿಯಲ್ಲಿ ಕೂತರು. ಪುನಃ ಎದ್ದರು. ಕುಂಯ್. "ಬನ್ನಿ ಅತ್ತೆ." ನಾನು ಚಾ ಕುಡಿದು ಮುಗಿಸುವುದರೊಳಗೆ ಮೂರು ಸಲ ಹೀಗೆ ಹೋಗಿ ಬಂದರು. ಅವರಿಗೆ ಅಡುಗೆಮನೆಯಲ್ಲಿ ಕೆಲಸವೇನೂ ಇರಲಿಲ್ಲ.